ಗುಳಿಗನಿಗೆ ಗ್ರಾನೈಟು ಯಾರು ಕೇಳಿದ್ದರು?

ಗುಳಿಗನಿಗೆ ಮಾಡು ಕಟ್ಟುವ ಕ್ರಮ ಇಲ್ಲ. ತುಳುನಾಡಿನಲ್ಲಿ ಹುಟ್ಟಿ ಬೆಳೆದ ಯಾರನ್ನು ಬೇಕಾದರೂ ಕೇಳಿ, ಹೇಳುತ್ತಾರೆ. ಒಂದು ಮರ, ಅದರ ಬುಡದಲ್ಲಿ ಒಂದು ಕಲ್ಲು, ಕಲ್ಲಿನ ಮುಂದೆ ನಾಲ್ಕು ಜನ ನಿಲ್ಲುವಷ್ಟು ನೆಲ. ಅವನ ಆಸ್ತಿ ಇಷ್ಟೇ. ಆಟಿಯ ಮಳೆಗೆ ನೆನೆಯುತ್ತಾನೆ, ಪಗ್ಗುವಿನ ಬಿಸಿಲಿಗೆ ಮರದ ನೆರಳಲ್ಲಿ ಕೂರುತ್ತಾನೆ. ಎಷ್ಟು ಉಂಡರೂ ಹಸಿವು ತಣಿಯದ ದೈವ ಎಂದು ಅವನ ಕಥೆಯನ್ನು ಹಾಡುವ ಪಾಡ್ದನ ಬಲ್ಲವರು ಹೇಳುತ್ತಾರೆ. ಅಷ್ಟು ಹಸಿದವನೂ ಯಾರಲ್ಲೂ ಸೂರು ಕೇಳಲಿಲ್ಲ.

ಈಗ ಸೂರು ಬಂದಿದೆ. ಗ್ರಾನೈಟ್ ಕಟ್ಟೆ, ಸ್ಟೀಲ್ ಕಂಬಿ, ಬಣ್ಣ ಬಳಿದ ತಗಡಿನ ಮಾಡು, ಸುತ್ತ ಇಂಟರ್‌ಲಾಕ್, ಕತ್ತಲಾದೊಡನೆ ತಾನೇ ಹೊತ್ತಿಕೊಳ್ಳುವ ದೀಪದ ಸರ. ಎದುರಿಗೆ ಕಪ್ಪು ಕಲ್ಲಿನ ಮೇಲೆ ದಾನಿಗಳ ಹೆಸರು. ಯಾರು ಎಷ್ಟು ಕೊಟ್ಟರು, ಯಾರ ಸ್ಮರಣಾರ್ಥ ಕೊಟ್ಟರು, ಎಲ್ಲವೂ ಚಿನ್ನದ ಬಣ್ಣದ ಅಕ್ಷರದಲ್ಲಿ. ಎಲ್ಲ ಇದೆ, ಮರ ಇಲ್ಲ. ಮರ ಏನಾಯಿತು ಎಂದು ಕೇಳಿದರೆ, ಮಾಡು ಹಾಕುವುದಕ್ಕೆ ಅಡ್ಡ ಬರುತ್ತಿತ್ತು ಎನ್ನುತ್ತಾರೆ.

ಯಾರ ಮನೆಯಲ್ಲಿ ಯಾರು ಅಡ್ಡ ಬಂದದ್ದು, ಸ್ವಾಮಿ?

ಊರಿನ ಹೆಸರು ಹೇಳುವುದಿಲ್ಲ. ಒಂದೇ ಊರಾಗಿದ್ದರೆ ಹೇಳಬಹುದಿತ್ತು. ಕಾಸರಗೋಡಿನಿಂದ ಕುಂದಾಪುರದವರೆಗೆ ಬಸ್ಸಿನ ಕಿಟಕಿಯಲ್ಲಿ ಕೂತು ನೋಡುತ್ತ ಬನ್ನಿ. ಒಂದು ಕಾಲಕ್ಕೆ ಗದ್ದೆಯ ಅಂಚಿನಲ್ಲಿ ಹಗಲಲ್ಲೂ ಕತ್ತಲೆ ಕಟ್ಟಿಕೊಂಡು ನಿಂತಿದ್ದ ನಾಗಬನಗಳ ಜಾಗದಲ್ಲಿ ಈಗ ಕಾಣುವುದು ಕಾಂಪೌಂಡು, ಗೇಟು, ಗೇಟಿಗೆ ಬೀಗ. ಒಳಗೆ ಬಟಾಬಯಲಿನ ಕಾಂಕ್ರೀಟಿನ ಮೇಲೆ ಸಾಲಾಗಿ ಕೂರಿಸಿದ ನಾಗನ ಕಲ್ಲುಗಳು. ಮಧ್ಯಾಹ್ನ ಹನ್ನೆರಡಕ್ಕೆ ಆ ನೆಲದ ಮೇಲೆ ಬರಿಗಾಲಿಡಿ, ಗೊತ್ತಾಗುತ್ತದೆ. ತಂಪನ್ನು ಹುಡುಕಿ ಮಣ್ಣಿನೊಳಗೆ ಹೋಗುವ ಜೀವವನ್ನು ದೇವರೆಂದು ಕರೆದು, ಅದನ್ನು ಬಾಣಲೆಯ ಮೇಲೆ ಪ್ರತಿಷ್ಠಾಪಿಸಿದ್ದೇವೆ. ಆಮೇಲೆ ತಂಪಾಗಲೆಂದು ಎಳನೀರು ಎರೆಯುತ್ತೇವೆ.

ಬನ ಹೇಗಿತ್ತು ಎಂದು ಇನ್ನು ಕೆಲವು ವರ್ಷಕ್ಕೆ ಹೇಳುವವರೇ ಇರಲಿಕ್ಕಿಲ್ಲ. ಅದಕ್ಕೆ ಇಲ್ಲಿ ಸ್ವಲ್ಪ ಹೇಳಿಬಿಡುತ್ತೇನೆ. ಹತ್ತು ಸೆಂಟ್ಸು, ಇಪ್ಪತ್ತು ಸೆಂಟ್ಸು, ಕೆಲವು ಕಡೆ ಎಕರೆಗಟ್ಟಲೆ. ಹಾಲೆ, ಹೊನ್ನೆ, ಸುರಗಿ, ರೆಂಜೆ, ಧೂಪ, ಹೆಬ್ಬಲಸು, ನಾಗಸಂಪಿಗೆ. ಅವುಗಳ ಮೈಮೇಲೆ ಹಬ್ಬಿದ ಕಾಡುಮೆಣಸು, ಕೆಳಗೆ ಹೆಣೆದುಕೊಂಡ ಬೆತ್ತ, ತೊಡೆಯಷ್ಟು ದಪ್ಪದ ಬಳ್ಳಿಗಳು. ನೆಲಕ್ಕೆ ಮೊಣಕಾಲುದ್ದ ತರಗೆಲೆ. ಅಲ್ಲಲ್ಲಿ ಹುತ್ತ. ಒಂದು ಬದಿಯಲ್ಲಿ ಬೇಸಗೆಗೂ ಒದ್ದೆಯಾಗಿರುವ ಒರತೆ, ಒರತೆಯ ಬಳಿ ಕೇದಗೆಯ ಹಿಂಡಿಲು. ಎಲ್ಲೋ ನಡುವೆ ಪಾಚಿ ಹಿಡಿದ ಮೂರೋ ನಾಲ್ಕೋ ಕಲ್ಲು. ನಾಗ, ರಕ್ತೇಶ್ವರಿ, ಬೆರ್ಮೆರ್, ಸ್ವಲ್ಪ ಆಚೆ ಕ್ಷೇತ್ರಪಾಲ. ಯಾವ ಕಲ್ಲು ಯಾರದು ಎಂದು ಮನೆಯ ಹಿರಿಯರಿಗೆ ಮಾತ್ರ ಗೊತ್ತು. ಅವರೂ ಬೆರಳು ಮಾಡಿ ತೋರಿಸುತ್ತಿರಲಿಲ್ಲ, ಗಲ್ಲ ಎತ್ತಿ ತೋರಿಸುತ್ತಿದ್ದರು.

ವರ್ಷದಲ್ಲಿ ಒಂದೆರಡು ಸಲ ಒಳಗೆ ಹೋಗುವುದು. ನಾಗರಪಂಚಮಿಗೆ ತನು ಎರೆಯಲು, ಮತ್ತೊಮ್ಮೆ ತಂಬಿಲದ ಪೂಜೆಗೆ. ಕತ್ತಿ ಒಯ್ಯುವಂತಿಲ್ಲ. ಬಿದ್ದ ಕಡ್ಡಿಯನ್ನೂ ಒಲೆಗೆ ತರುವಂತಿಲ್ಲ. ತರಗೆಲೆ ಗುಡಿಸುವಂತಿಲ್ಲ, ಉಗುಳುವಂತಿಲ್ಲ, ಗಟ್ಟಿಯಾಗಿ ಮಾತನಾಡುವಂತಿಲ್ಲ. ಕೆಲಸ ಮುಗಿದೊಡನೆ ಹಿಂದಿರುಗಿ ನೋಡದೆ ಹೊರಗೆ ಬರುವುದು. ಉಳಿದ ಮುನ್ನೂರ ಅರವತ್ತು ಚಿಲ್ಲರೆ ದಿನ ಬನ ಅದರ ಪಾಡಿಗೆ. ಬಾವಲಿ, ಗೂಬೆ, ಮುಂಗುಸಿ, ಕೇರೆಹಾವು, ನಾಗರಹಾವು, ಗದ್ದೆಯ ಇಲಿಗಳನ್ನು ತಿನ್ನುವ ಒಂದು ಪೂರಾ ಸಂಸಾರ ಅಲ್ಲಿತ್ತು. ಯಾವ ಅರಣ್ಯಾಧಿಕಾರಿಯೂ ಕಾವಲು ನಿಲ್ಲಲಿಲ್ಲ, ಯಾವ ಬೇಲಿಯೂ ಇರಲಿಲ್ಲ. ಹೆದರಿಕೆಯೊಂದೇ ಕಾದಿತ್ತು. ನಮ್ಮ ಹಿರಿಯರು ಪರಿಸರವಾದಿಗಳಾಗಿದ್ದರು ಎಂಬ ಸುಳ್ಳನ್ನು ನಾನು ಹೇಳಲಾರೆ. ಗುಡ್ಡದ ಸೊಪ್ಪನ್ನು ಅವರೂ ಬೋಳು ಮಾಡಿದವರೇ. ಆದರೆ ಬನಕ್ಕೆ ಕೈ ಹಾಕಲು ಹೆದರಿದರು. ಹೆದರಿದ್ದರಿಂದ ನಮಗೆ ಉಳಿಯಿತು.

ಆ ಹೆದರಿಕೆಯನ್ನು ನಾಸ್ತಿಕರು ಕಳೆದರು ಎಂದುಕೊಂಡಿರಾ? ಖಂಡಿತ ಅಲ್ಲ. ಬನಕ್ಕೆ ಹಿಟಾಚಿ ನುಗ್ಗಿಸಿದವರು ಹಣೆಯ ತುಂಬ ಗಂಧ ಇಟ್ಟುಕೊಂಡವರು.

ಅದು ಹೇಗೆ ನಡೆಯುತ್ತದೆ ನೋಡಿ. ಕುಟುಂಬದಲ್ಲಿ ಒಬ್ಬನಿಗೆ ಮದುವೆ ಕೂಡಿಬರಲಿಲ್ಲ, ಒಬ್ಬಳಿಗೆ ಮಕ್ಕಳಾಗಲಿಲ್ಲ, ದುಬೈಯಲ್ಲಿದ್ದವನ ಕೆಲಸ ಹೋಯಿತು. ಪ್ರಶ್ನೆ ಇಡುತ್ತಾರೆ. ಕವಡೆ ಉರುಳುತ್ತದೆ. ನಾಗದೋಷ. ಮೂಲಸ್ಥಾನ ಜೀರ್ಣವಾಗಿದೆ, ಉದ್ಧಾರ ಆಗಬೇಕು. ಅಲ್ಲಿಗೆ ವಾಟ್ಸ್ಆ್ಯಪ್ ಗುಂಪು ಒಂದು, ಸಮಿತಿ ಒಂದು, ರಸೀದಿ ಪುಸ್ತಕ ನಾಲ್ಕು. ಮುಂಬಯಿಯಿಂದ ಹಣ, ಗಲ್ಫಿನಿಂದ ಹಣ. ಹಣ ಕೊಟ್ಟವನಿಗೆ ತನ್ನ ಹಣ ಕಣ್ಣಿಗೆ ಕಾಣಬೇಕು. ಮರ ಇದ್ದರೆ ಏನು ಕಾಣುತ್ತದೆ? ಅದು ಅಜ್ಜನ ಕಾಲದಲ್ಲೂ ಇತ್ತು. ಆದ್ದರಿಂದ ಕಾಣುವಂಥದ್ದು ಏನಾದರೂ ಕಟ್ಟಬೇಕು. ಅಷ್ಟರಲ್ಲಿ ಮರದ ವ್ಯಾಪಾರಿ ಬಂದು ಹೊನ್ನೆಗೆ ಇಷ್ಟು, ಹೆಬ್ಬಲಸಿಗೆ ಇಷ್ಟು ಎಂದು ಲೆಕ್ಕ ಹೇಳುತ್ತಾನೆ. ಖರ್ಚಿನ ಒಂದು ಪಾಲು ಅಲ್ಲೇ ಹುಟ್ಟಿತಲ್ಲ ಎಂದು ಸಮಿತಿಗೆ ಸಮಾಧಾನ. ನಾಗನ ಮರ ಮಾರಿ ನಾಗನಿಗೆ ಸಿಮೆಂಟು ತರುವ ಈ ವ್ಯವಹಾರದಲ್ಲಿ ತಪ್ಪು ಕಂಡವರು ಸಭೆಯಲ್ಲಿ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಹೆಚ್ಚಾಗಿ ಮುದುಕಿಯರು. ಅವರ ಮಾತಿಗೆ ಕಾರ್ಯದರ್ಶಿಯ ಬಳಿ ಸಿದ್ಧ ಉತ್ತರವಿದೆ: ನಿಮಗೆ ಗೊತ್ತಾಗುವುದಿಲ್ಲ ದೊಡ್ಡಮ್ಮ, ಜೋಯಿಸರೇ ಹೇಳಿದ್ದಾರೆ.

ಜೋಯಿಸರು ಹೇಳಿದ್ದಾರೆಯೇ? ಹಾಗಾದರೆ ಜೋಯಿಸರ ಶಾಸ್ತ್ರವನ್ನೇ ತೆಗೆಯೋಣ. ವರಾಹಮಿಹಿರ ಆರನೆಯ ಶತಮಾನದವನು, ಜ್ಯೋತಿಷಿಗಳಿಗೆ ಗುರುಸಮಾನ. ಅವನ ಬೃಹತ್ಸಂಹಿತೆಯಲ್ಲಿ, ಪ್ರತಿಮೆಗಾಗಿ ಮರ ತರಲು ಕಾಡಿಗೆ ಹೋಗುವುದು ಹೇಗೆ ಎಂದು ಹೇಳುವ ಒಂದು ಅಧ್ಯಾಯವೇ ಇದೆ. ಯಾವ ಮರ ಕಡಿಯಬಾರದು ಎಂಬ ಪಟ್ಟಿ ಅದರಲ್ಲಿದೆ. ದೇವಾಲಯದ ಜಾಗದಲ್ಲಿ ಬೆಳೆದ ಮರ, ಹುತ್ತದ ಮೇಲಿನ ಮರ, ಪೂಜೆಗೊಳ್ಳುವ ಚೈತ್ಯದ ಮರ, ಆಶ್ರಮದ ಮರ, ಹೊಳೆಗಳು ಕೂಡುವಲ್ಲಿನ ಮರ, ಇವೆಲ್ಲ ದೇವರ ಮೂರ್ತಿ ಮಾಡಲಿಕ್ಕೂ ಆಗದು. ಕಡಿಯಬಹುದಾದ ಮರಕ್ಕೂ ಹಿಂದಿನ ರಾತ್ರಿ ಪೂಜೆ ಮಾಡಿ, ಬಲಿ ಇಟ್ಟು, ಇದರಲ್ಲಿ ವಾಸವಾಗಿರುವ ಭೂತಗಳೇ, ದಯಮಾಡಿ ಬೇರೆ ಕಡೆ ಹೋಗಿ ಎಂದು ಬೇಡಿಕೊಳ್ಳಬೇಕು. ಮೂರ್ತಿಗೇ ಇಷ್ಟು ನಿಷೇಧವಿರುವಾಗ, ತಗಡಿನ ಮಾಡಿಗಾಗಿ ಹುತ್ತದ ಮೇಲಿನ ಮರ ಉರುಳಿಸಲು ಯಾವ ಶಾಸ್ತ್ರ ಅನುಮತಿ ಕೊಟ್ಟಿತು? ಗುಡಿ ಕೆಡವುವ ಮುನ್ನ ದೇವರನ್ನು ಬಾಲಾಲಯಕ್ಕೆ ಸಾಗಿಸುವ ವಿಧಿ ಇದೆ. ಪೊಟರೆಯ ಗೂಬೆಗೆ, ಹುತ್ತದ ಹಾವಿಗೆ ಯಾವ ಬಾಲಾಲಯ ಕಟ್ಟಿದಿರಿ?

ಇನ್ನೊಂದು ವಿಚಿತ್ರ. ಹೆದ್ದಾರಿಯಲ್ಲಿ ಯಾರದೋ ಗಾಡಿಗೆ ಸಿಕ್ಕಿ ನಾಗರಹಾವೊಂದು ಸತ್ತರೆ ನಮ್ಮವರು ನಿಲ್ಲುತ್ತಾರೆ. ಬಿಳಿ ಬಟ್ಟೆ ಹೊದಿಸುತ್ತಾರೆ, ಮನುಷ್ಯರಿಗೆ ಮಾಡುವಂತೆ ಸಂಸ್ಕಾರ ಮಾಡುತ್ತಾರೆ. ಮಾಡದಿದ್ದರೆ ದೋಷ. ಸತ್ತ ಒಂದು ಹಾವಿಗೆ ಇಷ್ಟು ಮರ್ಯಾದೆ ಕೊಡುವವರಲ್ಲಿ, ಬದುಕಿರುವ ಹಾವುಗಳ ಇಡೀ ಊರನ್ನೇ ಒಂದು ಬೆಳಿಗ್ಗೆ ಅಗೆದು ಮಗುಚಿ ಹಾಕಿದಾಗ ಯಾರಿಗೂ ಸೂತಕ ಇಲ್ಲ. ಹುತ್ತ ಒಡೆದಾಗ ಹಿಟಾಚಿಯ ಹಲ್ಲಿಗೆ ಸಿಕ್ಕಿದ ಮೊಟ್ಟೆಗಳಿಗೆ ಯಾರೂ ಸಂಸ್ಕಾರ ಮಾಡಿಲ್ಲ. ಆಮೇಲೆ ಅದೇ ಹಾವು ದಿಕ್ಕುತಪ್ಪಿ ಅಡುಗೆಮನೆಗೆ ಬಂದರೆ, ನೋಡಿ, ನಾಗ ಕಾಣಿಸಿಕೊಂಡ, ಇನ್ನೂ ಏನೋ ಬಾಕಿ ಇದೆ ಎಂದು ಮತ್ತೆ ಪ್ರಶ್ನೆ ಇಡುತ್ತಾರೆ. ಬಾಕಿ ಇರುವುದು ಅದರ ಮನೆ, ಮಹಾರಾಯರೇ.

ಮಹಾಭಾರತ ಯಕ್ಷಗಾನದಲ್ಲಿ ನೋಡಿದವರು ನಾವು. ಖಾಂಡವವನ ಸುಟ್ಟದ್ದು ಗೊತ್ತು. ಅದು ತಕ್ಷಕನ ಕಾಡು. ಅಗ್ನಿಗೆ ಅಜೀರ್ಣವಾಗಿ ಹಸಿವು ಕೆಟ್ಟಿತ್ತಂತೆ, ಮದ್ದಿಗಾಗಿ ಕಾಡೇ ಬೇಕಾಯಿತು. ಕೃಷ್ಣಾರ್ಜುನರು ಸುತ್ತ ಕಾವಲು ನಿಂತು, ಓಡಿಬಂದ ಪ್ರಾಣಿಗಳನ್ನು ಮತ್ತೆ ಬೆಂಕಿಗೇ ತಳ್ಳಿದರು. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಆ ಬೆಂಕಿಯಲ್ಲಿ ಜೀವ ಉಳಿಸಿಕೊಂಡ ಮಯ ಋಣ ತೀರಿಸಲು ಪಾಂಡವರಿಗೆ ಸಭಾಭವನ ಕಟ್ಟಿಕೊಟ್ಟ. ಅದರ ನುಣುಪು ನೆಲ ಕಂಡು ನೀರೆಂದುಕೊಂಡ ದುರ್ಯೋಧನ, ನೀರನ್ನು ನೆಲವೆಂದುಕೊಂಡು ಬಿದ್ದ. ನಗೆ, ಅವಮಾನ, ಜೂಜು, ವಸ್ತ್ರಾಪಹರಣ, ಹದಿನೆಂಟು ದಿನದ ಯುದ್ಧ. ಬದುಕಿ ಉಳಿದ ತಕ್ಷಕ ಪರೀಕ್ಷಿತನನ್ನು ಕಚ್ಚಿದ, ಅದಕ್ಕೆ ಜನಮೇಜಯ ಸರ್ಪಸತ್ರ ಹೂಡಿದ, ಆಸ್ತೀಕ ಬಂದು ನಿಲ್ಲಿಸಬೇಕಾಯಿತು. ಕಾಡು ಸುಟ್ಟಲ್ಲಿಂದ ನುಣುಪು ನೆಲಕ್ಕೆ, ಅಲ್ಲಿಂದ ಹೆಣದ ರಾಶಿಗೆ. ವ್ಯಾಸರು ಇದನ್ನು ಇಷ್ಟು ಬಿಡಿಸಿ ಹೇಳಿದ ಮೇಲೂ ನಮ್ಮ ಸಮಿತಿಗಳಿಗೆ ನುಣುಪು ನೆಲದ ಮೇಲಿನ ಮೋಹ ಬಿಟ್ಟಿಲ್ಲ.

ಇಲ್ಲಿ ಒಂದು ಎದುರುವಾದ ಬರುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಜೀರ್ಣೋದ್ಧಾರ ಹೊಸತೇನಲ್ಲ, ಸಿರಿ ಪಾಡ್ದನದಲ್ಲೇ ಇದೆಯಲ್ಲ ಎನ್ನುತ್ತಾರೆ ತಿಳಿದವರು. ನಿಜ. ಬಿರ್ಮು ಆಳ್ವ ಬೆರ್ಮೆರ ಸ್ಥಾನವನ್ನು ಹಾಳು ಬಿಟ್ಟಿದ್ದ. ಬೆರ್ಮೆರೇ ಬಡ ಬ್ರಾಹ್ಮಣನ ವೇಷದಲ್ಲಿ ಬಂದು ಎಚ್ಚರಿಸಿದರು. ಆಳ್ವ ಸ್ಥಾನವನ್ನು ಸರಿಪಡಿಸಿದ, ಪ್ರಸಾದವಾಗಿ ಸಿಕ್ಕಿದ ಅಡಿಕೆಮರದ ಹಿಂಗಾರದಿಂದ ಸಿರಿ ಹುಟ್ಟಿದಳು. ಗೋಪಾಲ ನಾಯ್ಕರು ಹಾಡಿದ ಆ ಪಾಡ್ದನವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ 1998ರಲ್ಲಿ ಗ್ರಂಥವಾಗಿ ಹೊರತಂದರು. ಹದಿನೈದು ಸಾವಿರ ಸಾಲು ಮೀರಿದ ಕಾವ್ಯ. ಅದರಲ್ಲಿ ಬೆರ್ಮೆರಿಗೆ ನೋವಾದದ್ದು ತಮ್ಮನ್ನು ಮರೆತದ್ದಕ್ಕೆ. ಮರೆತವನು ನೆನಪು ಮಾಡಿಕೊಂಡ, ಬಿದ್ದದ್ದನ್ನು ಎತ್ತಿ ನಿಲ್ಲಿಸಿದ. ನಿಂತದ್ದನ್ನು ಬೀಳಿಸಲಿಲ್ಲ. ಮುರಿದ ಕಲ್ಲು ಸರಿಮಾಡಿ, ದೀಪ ಇಡಿ, ತನು ತಂಬಿಲ ತಪ್ಪಿಸಬೇಡಿ. ಯಾರು ಬೇಡವೆಂದರು? ಹಿಂಗಾರದಿಂದ ಮಗು ಹುಟ್ಟುವ ಕಥೆ ಹೇಳುವ ಜನಕ್ಕೆ ಮರ ಎಂದರೆ ಕಸವಾಗಿ ಕಾಣುವುದಾದರೆ ಆ ಕಥೆ ಅವರ ಕಿವಿಯಲ್ಲಿ ನಿಲ್ಲಲಿಲ್ಲ ಎಂದೇ ಲೆಕ್ಕ.

ಕಸ. ಈ ಮಾತು ಸಮಿತಿಯವರ ಬಾಯಲ್ಲಿ ಬಹಳ ಸಲ ಕೇಳುತ್ತದೆ. ತರಗೆಲೆ ಬಿದ್ದು ಗಲೀಜು. ಭಕ್ತರ ಕಾಲಿಗೆ ಉಂಬಳ ಹತ್ತುತ್ತದೆ. ಸೀರೆ ಒದ್ದೆಯಾಗುತ್ತದೆ. ಕಾರು ನಿಲ್ಲಿಸಲು ಜಾಗ ಇಲ್ಲ. ಇವರಿಗೆ ಬೇಕಾದದ್ದು ಮದುವೆ ಹಾಲ್, ದೇವರು ನೆಪ.

ಇದರಲ್ಲಿ ಜಾತಿಯ ಮಾತೂ ಇದೆ. ಅದನ್ನು ಹೇಳದೆ ಬಿಟ್ಟರೆ ಬರೆದದ್ದು ಅರ್ಧ. ದೈವಗಳ ಕಥೆ ಹಾಡಿದವರು, ಮುಖಕ್ಕೆ ಅರದಾಳ ಬಳಿದು ಬೆಂಕಿಯ ಮುಂದೆ ನಿಂತವರು ಪರವರು, ಪಂಬದರು, ನಲಿಕೆಯವರು. ದೈವವಾದವರಲ್ಲೂ ಅನ್ಯಾಯಕ್ಕೆ ಸಿಕ್ಕಿ ಸತ್ತ ದುಡಿಯುವ ಜನ ಬಹಳ. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿಯ ಕೈಕಾಲನ್ನು, ಬೇರೆಲ್ಲೂ ಇಂಥದ್ದು ಮಾಡಬಾರದೆಂದು, ಅರಸ ಕಡಿಸಿದ ಎಂದು ಪಾಡ್ದನ ಹೇಳುತ್ತದೆ. ಆ ಶಿಲ್ಪಿ ಕಲ್ಕುಡನಾದ, ತಂಗಿ ಕಲ್ಲುರ್ಟಿಯಾದಳು, ಇಬ್ಬರೂ ಸೇರಿ ಅರಸನ ಬೀಡನ್ನು ನೆಮ್ಮದಿಯಾಗಿರಲು ಬಿಡಲಿಲ್ಲ. ಗೊಮ್ಮಟ 1432ರಿಂದ ಬಂಡೆಯ ಮೇಲೆ ನಿಂತಿದ್ದಾನೆ. ಕಲ್ಕುಡ ಕಲ್ಲುರ್ಟಿಯರು ಮರದ ಬುಡದಲ್ಲಿ ನಿಂತಿದ್ದರು. ಈಗ ಅವರಿಗೂ ಗರ್ಭಗುಡಿ, ಅವರಿಗೂ ಶಿಖರ, ಅವರಿಗೂ ತಂತ್ರಿಗಳು. ಮರದ ಬುಡದಲ್ಲಿದ್ದಾಗ ದೈವದ ಹತ್ತಿರ ನಿಲ್ಲುತ್ತಿದ್ದ ಜನ, ಗುಡಿ ಆದ ಮೇಲೆ ಕಾಂಪೌಂಡಿನ ಹೊರಗೆ ನಿಲ್ಲುತ್ತಾರೆ. ಕೋಲದ ರಾತ್ರಿ ಮಾತ್ರ ಅವರು ಬೇಕು. ಮರುದಿನ ಬೆಳಿಗ್ಗೆ ಅವರ ಹೆಸರು ಶಿಲಾಫಲಕದಲ್ಲಿ ಇರುವುದಿಲ್ಲ. ಕಾಡು ಹೋದಾಗ ಹೋದದ್ದು ಬರೀ ಮರ ಎಂದು ತಿಳಿದವರು ಇದನ್ನೂ ಒಮ್ಮೆ ನೋಡಲಿ.

ಕೊರಗಜ್ಜನ ವಿಷಯ ಇನ್ನೂ ಹೊಟ್ಟೆ ಉರಿಸುತ್ತದೆ. ಕಾಡಿನ ಬೀಳು, ಅಂದರೆ ಬಳ್ಳಿ, ತಂದು ಬುಟ್ಟಿ ಹೆಣೆಯುತ್ತಿದ್ದ ಕೊರಗರ ಹುಡುಗ ದೈವವಾದದ್ದು. ಕುತ್ತಾರಿನ ಆದಿಸ್ಥಳದಲ್ಲಿ ಕೋಲದ ರಾತ್ರಿ ದೀಪ ಹಚ್ಚುವುದಿಲ್ಲ, ಅಜ್ಜನಿಗೆ ಕತ್ತಲೆಯೇ ಬೇಕು. ಬೇರೆ ಕಡೆ ಹೊಸದಾಗಿ ಕಟ್ಟಿದ ಎಷ್ಟೋ ಅಜ್ಜನ ಕಟ್ಟೆಗಳಿಗೆ ಈಗ ಮಿಣಮಿಣ ದೀಪಾಲಂಕಾರ. ಇತ್ತ ಕೊರಗರಿಗೆ ಬುಟ್ಟಿ ಹೆಣೆಯಲು ಬೀಳು ಸಿಗುವ ಕಾಡೇ ಇಲ್ಲ. ಅಜ್ಜನ ಹೆಸರಿನಲ್ಲಿ ಸಂಗ್ರಹವಾಗುವ ಹಣದಲ್ಲಿ ಒಂದೆಕರೆ ಬೀಳಿನ ಕಾಡು ಬೆಳೆಸೋಣ ಎಂದು ಯಾವ ಸಮಿತಿ ಠರಾವು ಮಾಡಿದೆ?

2022ರಲ್ಲಿ ಕಾಂತಾರ ಬಂತು. ಪಂಜುರ್ಲಿಯೂ ಗುಳಿಗನೂ ದೇಶದ ಎಲ್ಲ ಪರದೆಗಳಲ್ಲಿ ಆರ್ಭಟಿಸಿದರು. ಕಾಡಿನ ದೈವ, ಕಾಡಿನ ಜನ, ಜಮೀನಿಗೆ ಬಾಯಿ ಬಿಟ್ಟ ಧಣಿ, ಎಲ್ಲ ಅದರಲ್ಲಿತ್ತು. ಥಿಯೇಟರಿನಲ್ಲಿ ನಮ್ಮ ಹುಡುಗರು ಎದ್ದು ನಿಂತು ಕೂಗಿದರು, ಕೆಲವರು ಕಣ್ಣೀರಿಟ್ಟರು. ಒಳ್ಳೆಯದೇ. ಆದರೆ ಸಿನಿಮಾ ನೋಡಿ ಬಂದು ಅದೇ ವಾರ ಬನದ ಸಮಿತಿಯ ಸಭೆಯಲ್ಲಿ ಇಂಟರ್‌ಲಾಕಿಗೆ ಕೈ ಎತ್ತಿದವರನ್ನು ಏನೆಂದು ಕರೆಯಬೇಕು? ಪರದೆಯ ಮೇಲಿನ ಧಣಿಗೆ ಶಾಪ ಹಾಕುವುದು ಸುಲಭ. ಆತ ನಮ್ಮ ಚಿಕ್ಕಪ್ಪನಾಗಿದ್ದಾಗ, ಸಮಿತಿಯ ಗೌರವಾಧ್ಯಕ್ಷನಾಗಿದ್ದಾಗ, ಬಾಯಿಗೆ ಎಲೆಯಡಿಕೆ ಹಾಕಿಕೊಂಡು ಕೂರುತ್ತೇವೆ.

ಕರಾವಳಿಯವರನ್ನೇ ಬೈದರೆ ಘಟ್ಟದ ಮೇಲಿನವರು ನಗುತ್ತಾರೆ. ಅವರ ಲೆಕ್ಕವೂ ಇದೆ. ಕೊಡಗಿನಲ್ಲಿ ಊರಿಗೊಂದು ದೇವರಕಾಡು. ಅಯ್ಯಪ್ಪ, ಭಗವತಿ, ಭದ್ರಕಾಳಿ, ಮಹಾದೇವ. ಬೇಟೆಯ ದೇವರಾದ ಅಯ್ಯಪ್ಪನಿಗೆ ಮಣ್ಣಿನ ನಾಯಿ ಹರಕೆ. ಕಾಡಿನ ನಡುವೆ ಪಾಚಿಗಟ್ಟಿದ ಆ ನಾಯಿಗಳ ಹಿಂಡನ್ನು ಕಂಡವರು ಮರೆಯಲಾರರು. ಇಂಗ್ಲಿಷರ ಕಾಲದ ಲೆಕ್ಕದಲ್ಲಿ ದೇವರಕಾಡುಗಳ ವಿಸ್ತೀರ್ಣ 15 ಸಾವಿರ ಎಕರೆ ಮೀರಿತ್ತು. 1905ರಲ್ಲಿ ಅವುಗಳನ್ನು ಕಂದಾಯ ಇಲಾಖೆಗೆ ಒಪ್ಪಿಸಿದರು. 1985ರಲ್ಲಿ ಮತ್ತೆ ಅರಣ್ಯ ಇಲಾಖೆಗೆ ಬರುವಷ್ಟರಲ್ಲಿ ಉಳಿದದ್ದು 6 ಸಾವಿರ ಎಕರೆ ಚಿಲ್ಲರೆ. ಹೋದ ಕಾಡು ಕಾಫಿ ತೋಟವಾಯಿತು, ಸೈಟಾಯಿತು, ಯಾರದೋ ಬಂಗಲೆಯ ಹಿತ್ತಲಾಯಿತು. ಪಟ್ಟಿಯಲ್ಲಿ ಇವತ್ತಿಗೂ 1,214 ದೇವರಕಾಡುಗಳಿವೆ. ಎಷ್ಟೋ ಕಡೆ ಗುಡಿಯೊಂದು ಇದೆ, ಸುತ್ತ ಹತ್ತಿಪ್ಪತ್ತು ಮರ. ಅಯ್ಯಪ್ಪನ ಮಣ್ಣಿನ ನಾಯಿಗಳು ಕಾಯುತ್ತಿರುವುದು ರೋಬಸ್ಟಾ ಗಿಡಗಳನ್ನು.

ಸೊರಬದ ದೇವರಕಾಡುಗಳಾದ ಕಾನುಗಳದ್ದು ಇನ್ನೂ ಹಳೆಯ ಕಥೆ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಇಬ್ಬರು ಅಧಿಕಾರಿಗಳು ಸೊರಬ ತಾಲೂಕೊಂದರಲ್ಲೇ 171 ಕಾನುಗಳನ್ನು ಲೆಕ್ಕ ಹಾಕಿದರು. ಒಟ್ಟು 32 ಸಾವಿರ ಎಕರೆ ಮೀರಿತ್ತು. ಒಳಗೆ ಚೌಡಿ, ಜಟಕ, ಭೂತಪ್ಪ, ಹುಲಿದೇವರು. ಒಳಗೇ ಮೆಣಸಿನ ಬಳ್ಳಿ, ಬೈನೆ, ಅದರಿಂದ ಬದುಕುವ ಜನ, ಕಾನಿನ ನೀರು ನಂಬಿದ ಕೆಳಗಿನ ಗದ್ದೆ ಮತ್ತು ಕೆರೆ. ಕಾನು ಕಳೆದುಕೊಂಡ ಊರಿನ ಹುಲಿದೇವರ ಕಲ್ಲು ಇಂದು ಶುಂಠಿ ಹೊಲದ ಬದುವಿನಲ್ಲಿ ಬಿದ್ದಿರುತ್ತದೆ. ಹುಲಿಗೂ ಕಾಡಿಲ್ಲ, ಹುಲಿದೇವರಿಗೂ ಕಾಡಿಲ್ಲ.

ಉಳಿಸಿದರೆ ಏನು ಉಳಿಯುತ್ತದೆ ಎಂದು ಕೇಳುವವರು ಸಿದ್ದಾಪುರದ ಕತ್ತಲೆಕಾನಿಗೆ ಹೋಗಿ ಬರಲಿ. ರಾಮಪತ್ರೆ ಮರಗಳು ಮೊಣಕಾಲಿನಂಥ ಬೇರುಗಳನ್ನು ನೀರಿನಿಂದ ಮೇಲೆತ್ತಿ ನಿಂತ ಜವುಗು ಅದು. ಅಲ್ಲಿ ಸಿಕ್ಕಿದ, ಲೋಕಕ್ಕೆ ಅಲ್ಲಿಯವರೆಗೆ ಗೊತ್ತೇ ಇರದಿದ್ದ ಗೇರು ಕುಟುಂಬದ ಒಂದು ಮರಕ್ಕೆ 2000ದಲ್ಲಿ ವಿಜ್ಞಾನಿಗಳು ಆ ಕಾನಿನ ಹೆಸರನ್ನೇ ಇಟ್ಟರು, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಅಷ್ಟು ಶತಮಾನ ಅದನ್ನು ಕಾದದ್ದು ಯಾವ ಪ್ರಯೋಗಾಲಯವೂ ಅಲ್ಲ. ಹೊನ್ನಾವರದ ಕರಿಕಾನಮ್ಮನ ಬೆಟ್ಟದಲ್ಲೂ ಹಾಗೆಯೇ. ಬೇರೆ ಕಡೆ ಹುಡುಕಿದರೂ ಸಿಗದ ಎತ್ತರದ ಮರಗಳು ದೇವಿಯ ಹೆಸರಿನಲ್ಲಿ ನಿಂತಿವೆ. ನಾವು ಕಡಿದ ಹತ್ತು ಸೆಂಟ್ಸಿನ ಬನಗಳಲ್ಲಿ ಏನೇನಿತ್ತು? ಯಾರೂ ನೋಡಲಿಲ್ಲ, ಬರೆದಿಡಲಿಲ್ಲ. ಈಗ ಅಲ್ಲಿ ಚೌಕುಳಿ ಚೌಕುಳಿ ಟೈಲ್ಸ್ ಇದೆ.

ಕಾನೂನು ಏನು ಮಾಡುತ್ತಿದೆ? ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ 1976ರಿಂದ ಇದೆ. ಮರ ಕಡಿಯಲು ಅನುಮತಿ ಬೇಕು. ದೇವರ ಕೆಲಸ ಎಂದ ಕೂಡಲೇ ಯಾವ ಅಧಿಕಾರಿಗೂ ಅರ್ಜಿ ತಡೆಹಿಡಿಯುವ ಧೈರ್ಯ ಇರುವುದಿಲ್ಲ, ಎಷ್ಟೋ ಸಲ ಅರ್ಜಿಯೇ ಇರುವುದಿಲ್ಲ. ಕರಾವಳಿಯ ಬನಗಳಲ್ಲಿ ಬಹುಪಾಲು ಖಾಸಗಿ ಪಟ್ಟಾ ಜಾಗದಲ್ಲಿವೆ. ಪಹಣಿಯಲ್ಲಿ ತೋಟ ಎಂದೋ ಪುಂಜ ಎಂದೋ ಇರುತ್ತದೆ. ಕುಟುಂಬ ಪಾಲಾದಾಗ ಬನವೂ ಪಾಲಾಗುತ್ತದೆ, ಕೊನೆಗೆ ನಾಗನ ಕಲ್ಲಿನ ಸುತ್ತ ಒಂದು ಸೆಂಟ್ಸು ಬಿಟ್ಟು ಉಳಿದದ್ದು ಸೈಟು. 2024ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟು ರಾಜಸ್ಥಾನದ ಓರಣಗಳ ವಿಷಯದಲ್ಲಿ ತೀರ್ಪು ಕೊಟ್ಟಿತು. ಓರಣ ಎಂದರೆ ಅಲ್ಲಿಯ ದೇವರಕಾಡು. ಒಂದೊಂದನ್ನೂ ಅಳೆದು, ನಕ್ಷೆ ಮಾಡಿ, ಕಾಡೆಂದು ದಾಖಲಿಸಿ ಎಂದು ರಾಜಸ್ಥಾನಕ್ಕೆ ಹೇಳಿತು. ದೇಶದ ಎಲ್ಲ ದೇವರಕಾಡುಗಳಿಗೆ ಒಂದು ನೀತಿ ರೂಪಿಸಿ ಎಂದು ಕೇಂದ್ರಕ್ಕೂ ಹೇಳಿತು. ಮರುಭೂಮಿಯವರು ಕೋರ್ಟಿಗೆ ಹೋಗಿ ತಮ್ಮ ಮುಳ್ಳುಪೊದೆ ಉಳಿಸಿಕೊಳ್ಳುತ್ತಿದ್ದಾರೆ. ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ನಾಡಿನ ನಾವು ಮಳೆಕಾಡು ಕಡಿದು ಶೀಟು ಹಾಕುತ್ತಿದ್ದೇವೆ.

ಹೆದ್ದಾರಿ ಅಗಲವಾಗುವಾಗ ಹೋದ ಅಶ್ವತ್ಥಕಟ್ಟೆಗಳು, ಕೈಗಾರಿಕೆಗೆಂದು ಭೂಸ್ವಾಧೀನವಾಗಿ ಕಂಪನಿಯ ಬೇಲಿಯೊಳಗೆ ಸಿಕ್ಕಿಬಿದ್ದ ದೈವಸ್ಥಾನಗಳು, ಇವುಗಳ ಬಗ್ಗೆ ಬೇರೆಯೇ ಬರೆಯಬೇಕು. ಅಲ್ಲಿ ಕನಿಷ್ಠ ಎದುರಾಳಿ ಯಾರೆಂದು ಗೊತ್ತು. ಧರಣಿ ಕೂರಬಹುದು, ಕೋರ್ಟಿಗೆ ಹೋಗಬಹುದು. ಬ್ರಹ್ಮಕಲಶದ ಆಮಂತ್ರಣ ಪತ್ರಿಕೆ ಹಿಡಿದು, ಕೈ ಮುಗಿದು, ನಗುನಗುತ್ತ ಮನೆಗೆ ಬರುವವನ ಎದುರು ಯಾರು ಧರಣಿ ಕೂರುತ್ತಾರೆ? ಕಂಪನಿಯವನು ಮರ ಕಡಿದರೆ ಧರ್ಮಕ್ಕೆ ಧಕ್ಕೆ ಎಂದು ಬೀದಿಗಿಳಿಯುವ ಸಂಘಟನೆಗಳು ಸಮಿತಿಯೇ ಕಡಿದಾಗ ಅನ್ನಸಂತರ್ಪಣೆಗೆ ಸ್ವಯಂಸೇವಕರನ್ನು ಕಳಿಸುತ್ತವೆ. ಧರ್ಮರಕ್ಷಣೆಯ ಗುತ್ತಿಗೆ ಹಿಡಿದವರಿಗೆ ಇದು ನನ್ನ ನೇರ ಪ್ರಶ್ನೆ: ನೀವು ಇಲ್ಲಿಯವರೆಗೆ ಒಂದಾದರೂ ಬನದ ಎದುರು ಹಿಟಾಚಿಗೆ ಅಡ್ಡ ನಿಂತದ್ದುಂಟೇ?

ಆಟಿ ಅಮಾವಾಸ್ಯೆಯ ಬೆಳಗ್ಗೆ ಸೂರ್ಯ ಹುಟ್ಟುವ ಮೊದಲು ಹಾಲೆ ಮರದ ತೊಗಟೆ ತಂದು ಕಷಾಯ ಕುಡಿಯುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ತೊಗಟೆಯನ್ನು ಕತ್ತಿಯಿಂದ ತೆಗೆಯುವಂತಿಲ್ಲ, ಕಲ್ಲಿನಿಂದ ಜಜ್ಜಿ ತೆಗೆಯಬೇಕು. ಮರಕ್ಕೆ ಕಬ್ಬಿಣ ತಾಗಬಾರದು. ಹಾಲೆ ಮರ ಬನಗಳಲ್ಲಿ ಧಾರಾಳವಾಗಿತ್ತು. ಈಗ ಹಿಂದಿನ ದಿನವೇ ಬೈಕಿನಲ್ಲಿ ಮೂರು ಊರು ಸುತ್ತಿ ಮರ ಹುಡುಕಬೇಕು. ಪಂಚಮಿಗೆ ಕೇದಗೆ ಪೇಟೆಯಿಂದ, ಹಿಂಗಾರ ಪೇಟೆಯಿಂದ, ಕಡುಬಿಗೆ ಅರಿಶಿನದ ಎಲೆಯೂ ಪೇಟೆಯಿಂದ. ಬನದ ಒರತೆಯ ಬದಿಯಲ್ಲಿ ಕೇಳುವವರಿಲ್ಲದೆ ಬಿದ್ದಿರುತ್ತಿದ್ದ ಕೇದಗೆಯನ್ನು ಕಿತ್ತೆಸೆದು, ಅದೇ ನಾಗನಿಗೆ ಅದೇ ಹೂವನ್ನು ದುಡ್ಡು ಕೊಟ್ಟು ತಂದು ಏರಿಸುವ ಭಕ್ತಿಯನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಅಸ್ರಣ್ಣರೇ, ತಂತ್ರಿಗಳೇ, ಪ್ರಶ್ನೆ ಹೇಳುವ ಜೋಯಿಸರೇ, ನಿಮ್ಮ ಒಂದು ಮಾತಿಗೆ ಇಡೀ ಕುಟುಂಬ ಕೈಕಟ್ಟಿ ನಿಲ್ಲುತ್ತದೆ. ಸರ್ಕಾರಕ್ಕೆ ಇಲ್ಲದ ಅಧಿಕಾರ ನಿಮಗಿದೆ. ಮರ ಮುಟ್ಟಿದರೆ ದೋಷ, ಮಾಡು ಹಾಕಿದರೆ ನಾಗ ನಿಲ್ಲುವುದಿಲ್ಲ ಎಂದು ನೀವು ಒಂದು ಸಲ ಹೇಳಿ. ಕಡಿದ ಬನಕ್ಕೆ ಪರಿಹಾರವಾಗಿ ಆಶ್ಲೇಷಾ ಬಲಿಯ ಜೊತೆಗೆ ಐವತ್ತು ಸಸಿ ನೆಡಬೇಕು, ಮೂರು ವರ್ಷ ನೀರು ಹಾಕಬೇಕು, ಆಮೇಲೆ ಒಳಗೆ ಕಾಲಿಡಬಾರದು ಎಂದು ಬರೆದು ಕೊಡಿ. ಜನ ಮಾಡುತ್ತಾರೆ. ದಕ್ಷಿಣೆ ಕಡಿಮೆ ಆಗಬಹುದು, ಆಗಲಿ.

ಕುಟುಂಬದ ಯಜಮಾನರೇ, ಬನದ ಗಡಿ ಅಳೆಸಿ, ಪಾಲುಪಟ್ಟಿಯಲ್ಲಿ ಬನವನ್ನು ಯಾರ ಪಾಲಿಗೂ ಹಾಕದೆ ನಾಗನ ಹೆಸರಿಗೇ ಬಿಡಿ. ಕಾಂಕ್ರೀಟು ಹಾಕಿ ಆಗಿದ್ದರೆ ಒಡೆಸಿ. ಹಾಕುವುದಕ್ಕೆ ಮುಹೂರ್ತ ನೋಡಿದವರು ಒಡೆಯುವುದಕ್ಕೂ ನೋಡಬಹುದು. ಒಡೆದ ನೆಲವನ್ನು ಹಾಗೆಯೇ ಬಿಟ್ಟರೂ ಸಾಕು, ಪಕ್ಕದಲ್ಲಿ ಒಂದು ಮರ ಉಳಿದಿದ್ದರೆ ಹಕ್ಕಿಗಳು ಬೀಜ ತರುತ್ತವೆ.

ಮತ್ತು ಓದುತ್ತಿರುವ ನೀವು. ನಿಮ್ಮ ಮನೆಗೂ ರಸೀದಿ ಪುಸ್ತಕ ಬಂದೇ ಬರುತ್ತದೆ, ಈ ವರ್ಷ ಇಲ್ಲದಿದ್ದರೆ ಮುಂದಿನ ವರ್ಷ. ಬಂದವರಿಗೆ ಕುಡಿಯಲು ನೀರು ಬೆಲ್ಲ ಕೊಡಿ, ಕೂರಿಸಿ. ಎಷ್ಟು ಮರ ಕಡಿಯುತ್ತೀರಿ ಎಂದು ಕೇಳಿ. ಒಂದೂ ಇಲ್ಲ ಎಂದು ರಸೀದಿಯ ಹಿಂದೆ ಬರೆದು ಸಹಿ ಹಾಕಿದರೆ ಹಣ ಕೊಡಿ. ಹಾಕದಿದ್ದರೆ ಒಂದು ರೂಪಾಯಿಯನ್ನೂ ಕೊಡಬೇಡಿ.